ಆಗ್ನೇಯಕ್ಕ ತಿರುಗಿದ ಛತ್ರಿ

ಜುಲೈ 9, ಬುಧವಾರ

ಆಸ್ಪತ್ರಿಯಿಂದ ಬಿಟ್ಟರು, ಆದರ ಮನಿ ಸೇರಲಿಲ್ಲ. ಮನಿ ಮೂರನೇ ಮಹಡಿ ಮ್ಯಾಲ ಅದ. ನಾ ಅದರ ಬುಡಕ್ಕ ಒಂದು ಗಾಡಿಯೊಳಗ ಮಲಗೀನಿ.

ಕುರ್ಚಿ ಮ್ಯಾಲ ಕೂಡಿಸಿ ನಾಲ್ಕು ಮಂದಿ ಎತ್ತಿದ್ದರು. ಮೆಟ್ಟಿಲಿನ ಮೊದಲನೇ ತಿರುವಿನಾಗ ಕುರ್ಚಿ ಒಂದು ಕಡೆ ವಾಲಿತು. ಹೋದ ತಿಂಗಳು ನಾ ಜಾರಿ ಬಿದ್ದು ತೊಡಿ ಮ್ಯಾಲಿನ ಚಪ್ಪಿ ಎಲುವು ಮುರಕೊಂಡಿದ್ದು ಅದೇ ತಿರುವಿನಾಗ. ಇಳಸ್ರಿ, ಇಳಸ್ರಿ ಅಂತ ಒದರಿದೆ. ಇಳಿಸಿದರು. ಪುಣೆದ ಈ ಖಡಕಿ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ, ಆಗೂದೂ ಇಲ್ಲ.

ಮಗ ಬಸವಲಿಂಗ ವಾಕಡದಾಗ ಪ್ರವಾಸದ ಗಾಡಿ ಬಾಡಿಗಿಗೆ ಕೊಡತಾನ. ಒಳಗ ಹಾಸಿಗಿ, ಒಲಿ, ಸಂಡಾಸ, ಟಿವಿ ಎಲ್ಲಾ ಇರೂ ದೊಡ್ಡ ಗಾಡಿಗೋಳು. ಅದರಾಗ ಹಳೇದೊಂದು ಖಾಲಿ ನಿಂತಿತ್ತು. ಅದನ್ನ ತಂದು ಹಿತ್ತಲ ಪಾರ್ಕಿಂಗದಾಗ ನಿಲ್ಲಿಸಿ, ಬಾಗಲಕ್ಕ ಒಂದು ಹಲಗಿ ಇಳಿಜಾರು ಹಚ್ಚಿ, "ಅಪ್ಪಾ, ಕಾಲು ಬರೂ ತನಕ ಇಲ್ಲೇ ಇರು" ಅಂದ.

ಹೆಂಡತಿ ಕಲ್ಲವ್ವ ಮ್ಯಾಲ. ಆಕಿಗೆ ಮೊಣಕಾಲು ಬ್ಯಾನಿ, ವರ್ಷಾತು ಮೆಟ್ಟಿಲು ಇಳದಿಲ್ಲ. ಅಡಿಗಿಮನಿ ಕಿಟಕಿಯಿಂದ ಗಾಡಿ ಕಾಣತದಂತ. ಊಟಾ ಅಲ್ಲಿಂದಲೇ ಹಗ್ಗಕ್ಕ ಬುಟ್ಟಿ ಕಟ್ಟಿ ಇಳಿಸಿದಳು. ರೊಟ್ಟಿ, ಝುಣಕಾ. ನಾ ಮಲಕೊಂಡಲ್ಲಿಂದ ಹಗ್ಗ ಕಂಡಿತು, ಆಕಿ ಕಾಣಲಿಲ್ಲ.

ಜುಲೈ 11, ಶುಕ್ರವಾರ

ನಡಸಾಕ ಆರತಿ ಅನ್ನೂ ಹುಡುಗಿ ಬರತಾಳ, ಫಿಸಿಯೋಥೆರಪಿ ಕಲ್ತಾಕಿ. "ಕಾಕಾ, ಈಗ ನಡೀಲಿಲ್ಲಂದ್ರ ಮುಂದ ಕಾಲು ನಿಮ್ಮ ಮಾತು ಕೇಳೂದಿಲ್ಲ" ಅಂದಳು. ವಾಕರ್ ಹಿಡಿದು ನಿಂತೆ. ನೆಲಾ ದೋಣಿಯಂಗ ತೂಗಾಡಿತು. ಕೂತುಬಿಟ್ಟೆ. ಗಾಡಿ ಅಲುಗಾಡತದ ಅಂತ ಹೇಳಿದೆ. ಗಾಡಿ ಅಲುಗಾಡಿದ್ದಿಲ್ಲ.

ಸಂಜಿ ಏಳಕ್ಕ ಕಲ್ಲವ್ವನ ಧಾರಾವಾಹಿ. ಮ್ಯಾಲ ಇದ್ದಾಗ ನಾ ಪೇಪರು ಮುಖಕ್ಕ ಹಿಡಕೊಂಡು ಕೂಡತಿದ್ದೆ, ಇಷ್ಟು ಅತ್ತರೂ ಅದರಾಗಿನ ಈ ಶರಣ್ಯಾನ ಕಣ್ಣಾಗ ನೀರು ಹೆಂಗ ಉಳದಾವು ಅಂತ ಕಾಡಿಸತಿದ್ದೆ. ಇವತ್ತು ಬ್ಯಾಸರಕ್ಕ ಸೊಸಿ ದೀಪಾಲಿಗೆ ಹೇಳಿ ಆಕಿ ಫೋನಿನಾಗ ಅದನ್ನೇ ಹಚ್ಚಿಸಿಕೊಂಡೆ. ನನ್ನ ಫೋನಿನಾಗ ಕಲ್ಲವ್ವ. ಜೋಡಿಲೆ ನೋಡೂಣು ಅಂತ.

"ಅಯ್ಯ, ಬಾಗಲಾ ತಗೀಬ್ಯಾಡ ಶರಣ್ಯಾ!" ಅಂದಳು ಕಲ್ಲವ್ವ. ನನ್ನ ಕಡೆ ಶರಣ್ಯಾ ಇನ್ನೂ ತಲಿ ಹಿಕ್ಕೋತ ಕೂತಿದ್ದಳು. ನನ್ನ ಶರಣ್ಯಾ ಬಾಗಲಾ ಮುಟ್ಟೂದರಾಗ ಕಲ್ಲವ್ವ ಅಳಲಿಕ್ಕೆ ಸುರು ಮಾಡಿದ್ದಳು.

"ಏನಾತು?"

"ನೋಡ್ರಿ ನೀವೇ."

ನೋಡೂದರಾಗ ಆಕಿ ಕಣ್ಣು ಒರಸಿಕೊಂಡು ಜಾಹೀರಾತಿಗೆ ಮುಟ್ಟಿದ್ದಳು. ಫೋನಿನಾಗ ಎಲ್ಲಾ ತಡಾ ಬರತದಂತ. ಬಂದ್ ಮಾಡಿದೆ.

ಜುಲೈ 14, ಸೋಮವಾರ

ಮಳಿ. ಗಾಡಿ ಛತ್ತು ತಗಡಿಂದು. ನನ್ನ ಹೊಟ್ಟಿ ಸರಿ ಇಲ್ಲ ಅಂತ ಆರತಿಗೆ ಹೇಳಿ ಕಳಸಿದೆ.

ಫೋನಿನಾಗ ಕಲ್ಲವ್ವ ಅಂದಳು: "ನೀವು ಏಳದಿದ್ದರ ನೀವು ಅಲ್ಲೇ, ನಾ ಇಲ್ಲೇ. ಹಿಂಗ ಮುಗೀತದೇನ್ರಿ ನಮ್ಮದು?"

ಮಳಿ ಸಪ್ಪಳದಾಗ ಕೇಳಸವಲ್ದು ಅಂತ ಹೇಳಿ ಫೋನಿಟ್ಟೆ.

ಜುಲೈ 16, ಬುಧವಾರ

ಸೀಟಿನ ಬುಡಕ್ಕ ಮಡಚೂ ಡಿಶ್ ಅದ ಅಂತ ಬಸವಲಿಂಗಗ ಇವತ್ತು ನೆನಪಾತು. ಮೂರು ಕಾಲಿನ ಸ್ಟ್ಯಾಂಡ್, ಅದರ ಮ್ಯಾಲ ಡಿಶ್ಶಿನ ಛತ್ರಿ, ಒಂದು ಸುರುಳಿ ವಾಯರು, ಒಂದು ಡಬ್ಬಿ. ಪ್ರವಾಸದ ಮಂದಿ ಎಲ್ಲಿ ಗಾಡಿ ನಿಲ್ಲಸತಾರೋ ಅಲ್ಲಿ ಹೊರಗ ಇಟ್ಟು ಟಿವಿ ನೋಡತಾರಂತ. ಅದರಾಗ ನೋಡಿದರ ಮ್ಯಾಲ ಕಲ್ಲವ್ವಗೂ ಕೆಳಗ ನನಗೂ ಚಿತ್ರ ಒಮ್ಮೆಲೇ ಬರತದ.

ಗಚ್ಚಿ ಮ್ಯಾಲಿನ ಡಿಶ್ಶಿನಿಂದ ವಾಯರು ಇಳಸಬಹುದಿತ್ತು. ಸೊಸೈಟಿ ಸೆಕ್ರೆಟರಿ ಭುಜಂಗರಾವ್ ಕೈ ಮುಗಿದ: ಈಗಷ್ಟೇ ಬಣ್ಣಾ ಹೊಡದೀವಿ ಕಾಕಾ, ಗ್ವಾಡಿ ಮ್ಯಾಲ ವಾಯರು ಬ್ಯಾಡ.

ಬಸವಲಿಂಗ ಗಡಿಬಿಡಿಲೆ ಛತ್ರಿ ನಿಲ್ಲಿಸಿ, ಹಾಂಗ ಹೀಂಗ ತಿರುಗಿಸಿ, ಸಿಗ್ನಲ್ ಬರದಿದ್ದಾಗ ವಾಕಡಕ್ಕ ಹೋದ. ತನ್ನ ಅಪ್ಪನಂಗ ಒಂದು ಕಡೆ ನಿಲ್ಲೂ ಜಾತಿ ಅಲ್ಲ ಅದು.

ಜುಲೈ 17, ಗುರುವಾರ

ದೀಪಾಲಿ ದೌಂಡದ ಮರಾಠಿ ಮನಿ ಹುಡುಗಿ. ಕಲ್ಲವ್ವನ ಕಡೆ ಕನ್ನಡ ಕಲ್ತಾಳ, ಸಿಟ್ಟು ಬಂದಾಗ ಮಾತ್ರ ಮರಾಠಿ. ಇವತ್ತು ಆಕಿ ಹೊರಗ ಛತ್ರಿ ಹಿಡದು, ನಾ ಒಳಗ ಟಿವಿ ಮುಂದ.

"ಎಡಕ್ಕ ತಿರುಗಸು."

"ನನ್ನ ಎಡಕ್ಕೋ, ನಿಮ್ಮ ಎಡಕ್ಕೋ, ಮಾಮಾ?"

"ಛತ್ರಿ ಎಡಕ್ಕ!"

"ಛತ್ರಿಗೆ ಎಡಾ ಎಲ್ಲಿರತದ್ರಿ?"

ಜಿಟಿಜಿಟಿ ಮಳಿ. ಟಿವಿ ಮ್ಯಾಲ ಸಿಗ್ನಲ್ ತೋರಸೂ ಎರಡು ಪಟ್ಟಿ. ಮೊದಲನೇದು ತುಂಬಿತ್ತು, ಎರಡನೇದು ಸೊನ್ನಿ. ಒಮ್ಮೆ ಎರಡನೇದೂ ಎದ್ದಂಗಾತು. "ಬಂತು! ನಿಲ್ಲು!" ಅನ್ನೂದರಾಗ ಆಕಿ ಮುಂದ ತಿರುಗಿಸಿಬಿಟ್ಟಿದ್ದಳು. ಮತ್ತ ಹಿಂದ, ಮತ್ತ ಮುಂದ. ಕಡೀಕ ಆಕಿ ಹೊರಗಿಂದ ಒದರಿದಳು, "ತುಮ್ಹೀಚ ಯಾ ನಾ ಬಾಹೇರ!"

ನೀವೇ ಹೊರಗ ಬರ್ರಿ ಅಂತ. ಇಷ್ಟು ವರ್ಷ ಪುಣೆದಾಗ ಬಾಳಿದವಗ ಅಷ್ಟು ಮರಾಠಿ ತಿಳೀತದ. ತಿಳೀದವರಂಗ ಮಲಗಿದೆ. ಏಳು ಹೊಡೀತು. ಕಲ್ಲವ್ವ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಜುಲೈ 22, ಮಂಗಳವಾರ

ಡಬ್ಬಿ ಜೋಡಿ ಬಂದಿದ್ದ ಮಾಹಿತಿ ಹಾಳಿ ಕುಂತು ಓದಿದೆ. ತಪ್ಪು ಎಲ್ಲಿ ಆಗಿತ್ತು ಅಂತ ಈಗ ಗೊತ್ತಾತು. ಉಪಗ್ರಹ ನಮಗ ಆಗ್ನೇಯಕ್ಕ, ಕತ್ತು ಎತ್ತಿ ನೋಡೂವಷ್ಟು ಎತ್ತರಕ್ಕ ಅದ. ಬಸವಲಿಂಗ ದಿಕ್ಕು ನೋಡಿದ್ದು ಫೋನಿನಾಗ, ಅದೂ ಗಾಡಿಗೆ ಆನಿಕೊಂಡು. ಇಷ್ಟು ಕಬ್ಬಿಣದ ಮಗ್ಗಲಕ್ಕ ನಿಂತರ ಯಾವ ದಿಕ್ಸೂಚಿ ಖರೆ ಹೇಳತದ? ಎರಡನೇದು, ಸ್ಟ್ಯಾಂಡ್ ನಿಂತಿದ್ದು ರಾಡಿಯೊಳಗ. ಕಂಬ ನೆಟ್ಟಗ ಇಲ್ಲದಿದ್ದರ ಛತ್ರಿ ಮ್ಯಾಲ ಕೆತ್ತಿದ ಡಿಗ್ರಿ ಎಲ್ಲಾ ಸುಳ್ಳು. ಮೂರನೇದು, ಎದುರಿನ ಬಿ ವಿಂಗ್ ಆಕಾಶಕ್ಕ ಅಡ್ಡ ನಿಂತದ. ನಳದ ಕಟ್ಟಿ ಹತ್ತರ ಸರಿಸಿದರ ಸಂದಿ ಸಿಗತದ.

ದೀಪಾಲಿಗೆ ಹೇಳಿದೆ. ತಿಳೀಲಿಲ್ಲ. ಮತ್ತ ಹೇಳಿದೆ. ನಳದ ಈ ಕಡೆ ಇಟ್ಟಳು, ನಾ ಹೇಳಿದ್ದು ಆ ಕಡೆ. ಇಂಥವರಿಗೆ ಹೇಳೂದಕಿಂತ ತೋರಸೂದು ಚೊಲೊ ಅಂತ ವಾಕರ್ ಹಿಡಕೊಂಡು ಹಲಗಿ ಇಳದು ನಳದ ತನಕ ಹೋದೆ.

"ಮಾಮಾ, ನೀವು—" ಅಂದಳು.

"ಏನು?"

"ಏನಿಲ್ರಿ. ಎಲ್ಲಿ ಇಡಲಿ?"

ಕಟ್ಟಿ ಮಗ್ಗಲ ಫರಸಿ ಕಲ್ಲಿನ ಮ್ಯಾಲ ಇಡಸಿದೆ. ದಾರಕ್ಕ ಒಂದು ಕೀಲಿ ಕಟ್ಟಿ ಇಳಿಬಿಟ್ಟು ಕಂಬ ನೆಟ್ಟಗ ಅದನೋ ಇಲ್ಲೋ ನೋಡಿದೆ. ಒಂದು ಕಾಲಿನ ಬುಡಕ್ಕ ಹಂಚಿನ ಚೂರು ಕೊಟ್ಟೆ. ಸ್ಟ್ಯಾಂಡಿಗೆ ನೀರಿನ ಕ್ಯಾನು ಕಟ್ಟಿಸಿದೆ, ಗಾಳಿಗೆ ಹಾರಬಾರದು ಅಂತ. ಆಮ್ಯಾಲ ದೀಪಾಲಿಗೆ ಒಳಗ ಕಳಸಿ ಪಟ್ಟಿ ನೋಡಲಿಕ್ಕೆ ಹಚ್ಚಿ, ನಾನೇ ತಿರುಗಿಸಿದೆ.

ಗುಟ್ಟು ಏನಂದರ, ಡಬ್ಬಿ ಭಾಳ ಸಾವಕಾಶ. ಕೂದಲೆಳಿಯಷ್ಟು ತಿರುಗಸಬೇಕು, ಒಂದು ಉಸಿರು ಎಳದು ಬಿಡಬೇಕು, ಆಮ್ಯಾಲ ಕೇಳಬೇಕು. ನಾವೆಲ್ಲಾ ಸಿಗ್ನಲ್ ದಾಟಿ ದಾಟಿ ಹೋಗತಿದ್ದಿವಿ.

"ಸೊನ್ನಿ... ಸೊನ್ನಿ... ಮಾಮಾ, ಎದ್ದದ! ಎದ್ದದ್ರಿ! ಅರ್ಧಾ ಆತು!"

ಬಿಗಿ ಮಾಡಿದೆ. ಒಳಗ ಕನ್ನಡದಾಗ ಯಾರೋ ಮಾತಾಡಿದರು. ತಲಿ ಎತ್ತಿದರ ಕಿಟಕಿಯೊಳಗ ಕಲ್ಲವ್ವ ನಿಂತಿದ್ದಳು. ಯಾವಾಗಿಂದ ನಿಂತಿದ್ದಳೋ. ಮೊಣಕಾಲು ಬ್ಯಾನಿ ಅನ್ನಾಕಿ ಹಂಗ ನಿಲ್ಲಬಾರದು. ಕೈ ಮಾಡಿ ಒಳಗ ಹೋಗು ಅಂದೆ. ಹೋಗಲಿಲ್ಲ.

ಏಳಕ್ಕ ಇಬ್ಬರೂ ಧಾರಾವಾಹಿ ನೋಡಿದಿವಿ. ಶರಣ್ಯಾಗ ಬುದ್ಧಿ ಇಲ್ಲ ಅಂತ ನಾ, ಅದ ಅಂತ ಆಕಿ. ಫೋನಿಟ್ಟ ಮ್ಯಾಲೂ ಜಗಳ ಮುಗದಿದ್ದಿಲ್ಲ.

ಜುಲೈ 29, ನಾಗರಪಂಚಮಿ

ಬುಟ್ಟಿಯೊಳಗ ಶೇಂಗಾ ಉಂಡಿ ಬಂದ್ವು. ಬಾಗಲಾಗ ನಿಂತು ನಾನೇ ಬುಟ್ಟಿ ಬಿಚ್ಚಿದೆ.

ಒಂದು ತ್ರಾಸ ಸುರು ಆಗ್ಯದ. ಸಂಜಿ ಚೊಲೊ ಬರೂ ಸಿಗ್ನಲ್ ಮುಂಜಾನೆ ಇರೂದೇ ಇಲ್ಲ. ಹೋಗಿ ನೋಡಿದರ ಛತ್ರಿ ತುಸು ತಿರುಗಿರತದ. ದಿನಾ ಹೊರಗ ಹೋಗೂದು, ದಿನಾ ಹೊಂದಸೂದು. ಮೊದಲು ಬೆಕ್ಕು ಅಂದೆ. ಆಮ್ಯಾಲ ಗಾಳಿ ಅಂದೆ. ಕ್ಯಾನು ಕಟ್ಟಿದ ಸ್ಟ್ಯಾಂಡ್ ಗಾಳಿಗೆ ಹೆಂಗ ತಿರುಗತದೋ.

ಇವತ್ತು ಲಗೂನ ಎಚ್ಚರಾಗಿ ಕಿಟಕಿಯಿಂದ ನೋಡಿದೆ. ದೀಪಾಲಿ ಛತ್ರಿ ಹತ್ತರ ನಿಂತಿದ್ದಳು, ಎರಡೂ ಕೈಲೆ ಹಿಡಕೊಂಡು. "ಏನ ಮಾಡಲಿಕ್ಕತ್ತೀ?" ಅಂದೆ.

ಬೆಚ್ಚಿ ಬಿದ್ದಳು. "ಒರಸಲಿಕ್ಕತ್ತಿದ್ದೆ ಮಾಮಾ. ಧೂಳಿ ಕೂಡತದ."

ಮಳಿಗಾಲದಾಗ ಧೂಳಿ. ಇರಲಿ, ಹುಡುಗಿಗೆ ಸ್ವಚ್ಛತಾ ಭಾಳ. ಆರತಿಗೆ ಛತ್ರಿ ಕಥಿ ಹೇಳಿದರ, "ಹಂಗಾರ ಇವತ್ತು ವ್ಯಾಯಾಮ ಬ್ಯಾಡ ಕಾಕಾ, ಛತ್ರಿನೇ ನೋಡ್ರಿ" ಅಂತ ನಕ್ಕಳು. ಕೆಲಸ ತಪ್ಪಸಲಿಕ್ಕೆ ಎಲ್ಲಾರಿಗೂ ಒಂದು ನೆಪ ಬೇಕು.

ಆಗಸ್ಟ್ 5, ಮಂಗಳವಾರ

ಛತ್ರಿ ಮತ್ತ ತಿರುಗಿತ್ತು. ಹೊಂದಿಸಿದೆ. ವಾಕರ್ ನಳದ ಹತ್ತರ ಇಟ್ಟೀನಿ. ನಟ್ಟು ಬಿಗಿ ಮಾಡೂ ಪಾನಾ, ಬಟ್ಟಿ, ಛತ್ರಿ ಒರಸೂ ಅರಿವಿ ತೂಗಹಾಕಲಿಕ್ಕೆ ಅದು ಭಾಳ ಚೊಲೊ ಆಗ್ಯದ. ಕೈಯಾಗ ಒಂದು ಕೋಲು ಸಾಕು.

ಕಲ್ಲವ್ವ ಕಿಟಕಿಯಿಂದ "ಬಲಕ್ಕ, ಬಲಕ್ಕ" ಅಂತ ಒದರತಾಳ. ಆಕಿಗೇನು ಗೊತ್ತು. ಆದರ ಬಲಕ್ಕೇ ಇತ್ತು.

ಆಗಸ್ಟ್ 19, ಮಂಗಳವಾರ

ಎರಡು ದಿನಾತು, ಮಳಿ ಹುಚ್ಚು ಹಿಡದಂಗ ಹೊಡೀಲಿಕ್ಕತ್ತದ. ಮೋಡ ದಪ್ಪ ಆದರ ಸಿಗ್ನಲ್ ತೂರಿ ಬರೂದಿಲ್ಲ. ಛತ್ರಿ ಸರಿ ಅದ, ದಿಕ್ಕು ಸರಿ ಅದ, ಟಿವಿ ಮ್ಯಾಲ ನೀಲಿ ಬಣ್ಣಾ. ಮಾಡಲಿಕ್ಕೆ ಏನೂ ಇಲ್ಲ ಅನ್ನೂದೇ ದೊಡ್ಡ ಶಿಕ್ಷಾ. ಗಾಡಿಯೊಳಗ ಆ ತುದಿಯಿಂದ ಈ ತುದಿಗೆ ತಿರಗ್ಯಾಡಿ ತಿರಗ್ಯಾಡಿ ಸಾಕಾತು.

ಭುಜಂಗರಾವ್ ರೇನಕೋಟಿನಾಗ ಬಂದ. "ಕಾಕಾ, ಗಾಡಿ ಕಧೀ ಹಲವಣಾರ?" ಗಾಡಿ ಯಾವಾಗ ತಗೀತೀರಿ ಅಂತ. ಇಲ್ಲೇ ಗಣಪತಿ ಮಂಟಪ ಆಗಬೇಕು, ಶನಿವಾರದೊಳಗ ಜಾಗಾ ಬಿಡಬೇಕು ಅಂದ. ಕೆಟ್ಟ ಮನಶ್ಯಾ ಅಲ್ಲ. ಪ್ರತಿ ವರ್ಷಾ ಇಲ್ಲೇ ಕೂಡತಾನ ಗಣಪತಿ, ಎಲ್ಲಿಗೆ ಹೋಗನ್ನೂದು ಅವಗ?

ಬಸವಲಿಂಗ ಅಂದ, "ಅಪ್ಪಾ, ಈಗ ಮೆಟ್ಟಿಲು ಹತ್ತಬಹುದು ಅಂತ ಆರತಿ ಹೇಳ್ಯಾಳ. ಸಾವಕಾಶ ಮ್ಯಾಲ ಹೋಗೂಣು." ನಾ ಮೆಟ್ಟಿಲು ಹತ್ತೂದಿಲ್ಲ ಅಂದೆ. ಯಾಕ ಅಂದ. ಹತ್ತೂದಿಲ್ಲ ಅಂದೆ. ಅವ ಸಿಟ್ಟಿಗೆದ್ದ, ನಾನೂ ಎದ್ದೆ. ದೀಪಾಲಿ ನಡುವ ಬಂದಳು. ದೌಂಡದ ಹೊರಗ ಆಕಿ ಅಪ್ಪನ ಕಬ್ಬಿನ ಹೊಲಾ ಅದ, ಮನಿಗೆ ಹತ್ತರೇ ಗಾಡಿ ನಿಲ್ಲಸಬಹುದು, ಗಣಪತಿ ಮುಗಿಯೂ ತನಕ ಮಾಮಾ ಅಲ್ಲಿರಲಿ ಅಂದಳು. ಎಲ್ಲಾರೂ ಹೂಂ ಅಂದಿವಿ.

ಕಲ್ಲವ್ವಗ ಫೋನಿನಾಗ ಹೇಳಿದೆ.

"ಹೋಗಿ ಬರ್ರಿ," ಅಂದಳು. ಆಮ್ಯಾಲ, "ಅಲ್ಲಿ ಕಿಟಕಿ ಇರೂದಿಲ್ಲ" ಅಂದಳು.

ಆಗಸ್ಟ್ 22, ಶುಕ್ರವಾರ

ಇವತ್ತಿನಂಥ ದಿನಾ ಬ್ಯಾಡಪ್ಪ. ಈ ಹೆಂಗಸಿನ ಹಟಾ!

ಗಾಡಿ ಹೊರಡೂದು ಮಧ್ಯಾಹ್ನ ಊಟಾದ ಮ್ಯಾಲ ಅಂತ ಇತ್ತು. ಮುಂಜಾನೆ ಕಲ್ಲವ್ವನ ಫೋನ್. "ನಾನೂ ಬರತೀನಿ."

"ಎಲ್ಲಿಗೆ?"

"ದೌಂಡಕ್ಕ. ಸೀರಿ ಚೀಲದಾಗ ಹಾಕೀನಿ."

"ಹುಚ್ಚು ಹಿಡದದೇನ ನಿನಗ? ಮೆಟ್ಟಿಲು ಯಾರು ಇಳಸತಾರ?"

"ಜಾರಿ ಬೀಳಾವರು ನೀವು, ನಾ ಅಲ್ಲ" ಅಂದು ಫೋನಿಟ್ಟಳು.

ಮೆಟ್ಟಿಲ ಬುಡಕ್ಕ ಹೋಗಿ ನಿಂತೆ. ಮ್ಯಾಲಿಂದ ಆಕಿ ಕೈಬಳಿ ಸಪ್ಪಳಾ ಕೇಳತಿತ್ತು. ಒಂದೊಂದು ಮೆಟ್ಟಿಲಿಗೂ "ಸಿದ್ಧೇಶ್ವರಾ" ಅಂತಿದ್ದಳು. ಹಿಂದ ದೀಪಾಲಿ ಚೀಲ ಹೊತ್ತು "ಸಾವಕಾಶ ಅತ್ತ್ಯಾ, ಸಾವಕಾಶ" ಅಂತಿದ್ದಳು. ಒಂದು ಮಹಡಿ ಇಳದು ಯಾರದೋ ಬಾಗಲಾಗ ಕೂತಳಂತ, ನೀರು ಕುಡದಳಂತ. ಮತ್ತ ಬಳಿ ಸಪ್ಪಳಾ. ನಾ ನಿಂತೇ ಇದ್ದೆ. ಕೂಡಬೇಕಂತ ಅನಸಲಿಲ್ಲ.

ಕಡೇ ತಿರುವಿಗೆ ಬಂದಾಗ ಆಕಿ ಸೆರಗು ಕಂಡಿತು. ಅಲ್ಲೇ ಗಪ್ಪನ ನಿಂತಳು. ಮುಖಾ ಬೆಳ್ಳಗ ಆಗಿತ್ತು.

"ಆಗವಲ್ದು ರೀ," ಅಂದಳು.

"ಅಲ್ಲೇ ಕೂಡು!"

"ಕೂತರ ಏಳೂದಾಗೂದಿಲ್ಲ."

"ನಿಲ್ಲು ಹಂಗಾರ, ಬಂದೆ. ಕಠಡಾದ ಸರಳು ಬಿಡಬ್ಯಾಡ."

ಹೋಗಿ ಕೈ ಹಿಡದೆ. ಅಂಗೈ ಬೆವರಿ ಒದ್ದಿ ಆಗಿತ್ತು. ಬೈಬೇಕಂತಲೇ ಹತ್ತಿದ್ದೆ, ಬೈಯೂದು ಮರತೇಹೋತು. ನನ್ನ ಮುಖಾ ನೋಡಿದಳು, ಕಾಲು ನೋಡಿದಳು, ಮತ್ತ ಮುಖಾ ನೋಡಿದಳು. ಇಷ್ಟು ದಿನಾ ಕಿಟಕಿಯೊಳಗ ಸಣ್ಣಾಗಿ ಕಾಣತಿದ್ದಳಲ್ಲ, ಹತ್ತರದಿಂದ ನೋಡಿದರ ಕೂದಲು ಇನ್ನೂ ಬೆಳ್ಳಗಾಗ್ಯಾವ.

"ಏನು ನೋಡತಿ?"

"ಏನಿಲ್ಲ. ಸೊರಗೀರಿ."

"ನಡಿ, ಬಲಗಾಲು ಮೊದಲು ಇಡು. ನನ್ನ ಭುಜಾ ಹಿಡಿ."

ಇಳದು ಬಂದಿವಿ. ತಿರುಗಿ ನೋಡಿದರ ದೀಪಾಲಿ ಅಲ್ಲೇ ಚೀಲ ಇಟ್ಟು ಗ್ವಾಡಿ ಕಡೆ ಮುಖಾ ಮಾಡಿ ನಿಂತಾಳ, ಭುಜಾ ಅಲುಗಾಡಲಿಕ್ಕತ್ತಾವ. ಈ ಕಾಲದ ಹುಡುಗ್ಯಾರಿಗೆ ಒಂದು ಚೀಲ ಹೊರೂದಾಗೂದಿಲ್ಲ.

ಆಗಸ್ಟ್ 23, ಶನಿವಾರ. ದೌಂಡ

ನಿನ್ನೆ ಬಸವಲಿಂಗ ಗಾಡಿ ನಿಲ್ಲಿಸಿ ತಿರುಗಿ ಹೋದ. ಸುತ್ತ ಕಬ್ಬು. ದೀಪಾಲಿ ಅವ್ವ ಅಪ್ಪನ ಮನಿ ಕೂಗಳತಿ ದೂರದಾಗ ಅದ, ಚಹಾ ಅಲ್ಲಿಂದ ಬರತದ. ಆಕಾಶ ಇಷ್ಟು ದೊಡ್ಡದಿರತದ ಅಂತ ಮರತೇಹೋಗಿತ್ತು.

ಜಾಗಾ ಹೊಸಾದು, ಅಂದರ ಛತ್ರಿ ಹೊಸದಾಗಿ ಹೊಂದಸಬೇಕು. ನೆಲಾ ಇನ್ನೂ ಹಸಿ. ಹೊಲದ ಬದುವಿನ ಮ್ಯಾಲ ಗಟ್ಟಿ ಜಾಗಾ ಹುಡುಕಿ ಸ್ಟ್ಯಾಂಡ್ ಒಯ್ದು ಇಟ್ಟೆ, ಮತ್ತ ಬಂದು ಛತ್ರಿ ಒಯ್ದೆ, ಮತ್ತ ಬಂದು ವಾಯರು. ಕಲ್ಲವ್ವ ಟಿವಿ ಮುಂದ ಕಾಲು ಚಾಚಿ ಕೂತು ಪಟ್ಟಿ ಓದಿದಳು. ದೀಪಾಲಿಕಿಂತ ಚೊಲೊ ಓದತಾಳ, ಬರೇ ಬಂತು ಹೋತು ಅನ್ನೂದಿಲ್ಲ. "ಜೀವಾ ಬಂತು... ಇನ್ನೂ ತುಸು... ತಡೀರಿ, ಕೈ ತಗೀರಿ... ನಿಂತತು!" ಅಂದಳು.

ಬದುವಿನ ಮ್ಯಾಲ ನಿಂತು ಉಸಿರು ಬಿಟ್ಟೆ. ದೌಂಡ ಕಡಿಯಿಂದ ಒಂದು ರೈಲು ಸೊಲ್ಲಾಪ್ರದ ಕಡೆ ಹೊಂಟಿತ್ತು. ಕಬ್ಬಿನ ಮ್ಯಾಲ ಅದರ ಛತ್ತು ಅಷ್ಟೇ ಕಾಣತಿತ್ತು.

ಧಾರಾವಾಹಿ ನಡುವೇ ಕಲ್ಲವ್ವ ನಿದ್ದಿ ಮಾಡಿದಳು. ಶರಣ್ಯಾನ ಲಗ್ನ ತಪ್ಪಿತು. ಎಬ್ಬಸಲಿಲ್ಲ, ನಾಳೆ ಹೇಳತೀನಿ.

ಆಗಸ್ಟ್ 26, ಮಂಗಳವಾರ

ದೀಪಾಲಿ ಫೋನ್ ಮಾಡಿದ್ದಳು. ವಾಕರ್ ನಳದ ಹತ್ತರೇ ಉಳದದಂತ, ಕೋಲೂ ಅಲ್ಲೇ ಅದಂತ, ಕಳಸಲೇನು ಅಂದಳು. ಗಾಡಿ ತುಂಬೂವಾಗ ಒಂದು ಸಾಮಾನರ ನೆಟ್ಟಗ ಇಡಬಾರದ ಅಂತ ಬೈದೆ. ನಕ್ಕಳು. ಬೈದರೂ ನಗತಾಳ.

ಇಲ್ಲಿ ಗಾಳಿ ಜೋರು, ಆದರ ಮೂರು ದಿನಾತು ಛತ್ರಿ ಕೂದಲೆಳಿ ಅಲುಗಾಡಿಲ್ಲ. ಖಡಕಿ ಗಾಳಿನೇ ಖೋಡಿ.

ಮುಂಜಾನೆ ಕಲ್ಲವ್ವ, ಎಲ್ಲೋ ನೀರಿನ ಸಪ್ಪಳಾ ಕೇಳತದ, ಏನದು ಅಂದಳು. ನೋಡಿ ಬರತೀನಿ ಅಂತ ಹೋದೆ. ಕಬ್ಬಿನ ನಡುವ ಸಣ್ಣ ಹಾದಿ, ಮುಂದ ಕಾಲುವಿ, ಅಂಚು ತುಂಬಿ ಹರಿಲಿಕ್ಕತ್ತದ. ತಿರುಗಿ ಬಂದು ಹೇಳಿದೆ. ಆಕಿ ಬಾಗಲಾಗ ಕೂತು ಹಾದಿ ನೋಡತಿದ್ದಳು.

"ರೀ, ಇಲ್ಲಿಂದ ಸೊಲ್ಲಾಪ್ರ ದೂರ ಏನ್ರಿ?"

"ಇದೇ ರಸ್ತಾ. ಯಾಕ?"

"ಬಸವಲಿಂಗಗ ಹೇಳ್ರಿ, ಗಾಡಿ ತಿರುಗಿ ಒಯ್ಯೂದು ಬ್ಯಾಡ, ಮುಂದ ಹೊಡಿ ಅಂತ. ಸಿದ್ಧೇಶ್ವರಗ ಹರಕಿ ಹೊತ್ತೀನಿ. ಅದು ತೀರಸಬೇಕು."

"ಯಾವಾಗ ಹೊತ್ತಿ? ಎದರ ಸಲುವಾಗಿ?"

"ತೀರೂ ತನಕ ಹೇಳಬಾರದು."

ಬಸವಲಿಂಗಗ ಫೋನ್ ಮಾಡಿದೆ. ಗಣಪತಿ ಕೂಡಿಸಿ ಗುರುವಾರ ಬರತೀನಿ, ನಾನೇ ಒಯ್ಯತೀನಿ ಅಂದ. ಬುಧವಾರ ಸಂಜಿ ಧಾರಾವಾಹಿ ನೋಡಿ ಛತ್ರಿ ಬಿಚ್ಚಬೇಕು. ಸೊಲ್ಲಾಪ್ರದಾಗ ಮತ್ತ ಹೊಸದಾಗಿ ಹೊಂದಸಬೇಕು. ಸಿದ್ಧೇಶ್ವರನ ಗುಡಿ ಕೆರಿ ಹತ್ತರ ಬಯಲು ಸಿಕ್ಕರ ಚೊಲೊ.

ಏನು ಹರಕಿ ಇರಬಹುದು ಅಂತ ಮಧ್ಯಾಹ್ನದಿಂದ ವಿಚಾರ ಮಾಡಲಿಕ್ಕತ್ತೀನಿ. ವರ್ಷಾ ಆಗಿತ್ತು ಮೆಟ್ಟಿಲು ಇಳದು, ಮೂರು ಮಹಡಿ ಇಳದು ಬಂದಳು. ತನ್ನ ಮೊಣಕಾಲಿನ ಸಲುವಾಗೇ ಬೇಡಕೊಂಡಿರಬೇಕು, ಪಾಪ. ಮತ್ತೇನಿರತದ.